ನಾಗ್ಪುರವೋ, ಜರ್ಮನಿಯೋ?

ಪ್ರಶ್ನೆ: ನನಗೆ 26 ವರ್ಷ. ಊರು ಕೊಪ್ಪದ ಹತ್ತಿರ. ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೇನೆ. ವೆಂಟಿಲೇಟರ್‌ನಲ್ಲಿದ್ದವರು ಟ್ಯೂಬ್ ತೆಗೆದ ಮೇಲೆ ಮೊದಲ ಮಾತಾಡುವಾಗ ಆಗುವ ಖುಷಿ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಡ್ಯೂಟಿ ಜೊತೆಗೇ ಜರ್ಮನ್ ಕಲಿತು ಬಿ2 ಹಂತದ ಭಾಷಾ ಪರೀಕ್ಷೆ ಪಾಸಾದೆ. ಏಜೆನ್ಸಿ ಮೂಲಕ ಜರ್ಮನಿಯಿಂದ ಆಫರ್ ಬಂದಿದೆ. ಅದೇ ಹೊತ್ತಿಗೆ ಏಮ್ಸ್‌ಗಳ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಪಾಸಾಗಿ ನಾಗ್ಪುರದ ಏಮ್ಸ್ ಸಿಕ್ಕಿದೆ. ಅಮ್ಮ "ಸರ್ಕಾರಿ ಕೆಲಸ ಬಿಟ್ಟು ಹೋಗೋರುಂಟಾ? ಆಮೇಲೆ ಬೆಂಗಳೂರಿಗೆ ಟ್ರಾನ್ಸ್‌ಫರ್ ತಗೊಂಡರಾಯ್ತು" ಅನ್ನುತ್ತಾರೆ. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂದಿದೆ, ತಮ್ಮನ ಎಂಜಿನಿಯರಿಂಗ್ ಸಾಲವೂ ಇದೆ. ಜರ್ಮನಿಗೆ ಹೋದರೆ ಎಲ್ಲ ಬೇಗ ತೀರುತ್ತದೆ ಅನಿಸುತ್ತದೆ. ಎರಡೂ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಅಮ್ಮನ ಮಾತಿಗೆ ಬರುತ್ತೇನೆ, ಯಾಕೆಂದರೆ ಅದರಲ್ಲೊಂದು ತಪ್ಪು ಲೆಕ್ಕ ಇದೆ. ಏಮ್ಸ್‌ಗಳು ಒಂದೇ ಇಲಾಖೆಯ ಶಾಖೆಗಳಲ್ಲ. ಪರೀಕ್ಷೆ ಎಲ್ಲಕ್ಕೂ ಸೇರಿ ನಡೆಯುತ್ತದೆ ನಿಜ, ಆದರೆ ಪ್ರತಿಯೊಂದೂ ಬೇರೆ ಬೇರೆ ಸ್ವಾಯತ್ತ ಸಂಸ್ಥೆ. ಒಂದರಿಂದ ಇನ್ನೊಂದಕ್ಕೆ ವರ್ಗ ಸಿಗುವುದೇ ಕಷ್ಟ. ಮೇಲಾಗಿ ಕರ್ನಾಟಕದಲ್ಲಿ ಏಮ್ಸ್ ಇಲ್ಲವೇ ಇಲ್ಲ. ರಾಯಚೂರಿನವರು ಅದಕ್ಕಾಗಿ ಎಷ್ಟು ಕಾಲದಿಂದ ಧರಣಿ ಕೂತಿದ್ದಾರೆ ಅಂತ ನಿಮಗೂ ಗೊತ್ತಿರಬಹುದು. ಹಾಗಾಗಿ ಬೆಂಗಳೂರಿನ ಟ್ರಾನ್ಸ್‌ಫರ್ ನೆಚ್ಚಿಕೊಂಡು ನಾಗ್ಪುರಕ್ಕೆ ಹೋಗಬೇಡಿ. ಊರ ಕಡೆ ಬರಲು ಇರುವ ದಾರಿ ಬೇರೆ. ನಿಮ್ಹಾನ್ಸ್‌ನಂಥ ಕೇಂದ್ರ ಸಂಸ್ಥೆಗಳು ನರ್ಸಿಂಗ್ ಆಫೀಸರ್ ಹುದ್ದೆಗೆ ಅರ್ಜಿ ಕರೆದಾಗ ನಿಮ್ಮ ಸಂಸ್ಥೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಅರ್ಜಿ ಹಾಕಬೇಕು. ಆಯ್ಕೆಯಾದರೆ ತಾಂತ್ರಿಕ ರಾಜೀನಾಮೆ ಕೊಟ್ಟು ಹೋಗಬಹುದು, ಹಿಂದಿನ ಸೇವೆ ಲೆಕ್ಕಕ್ಕೆ ಉಳಿಯುತ್ತದೆ. ಅಂದರೆ ಮತ್ತೆ ಪರೀಕ್ಷೆ, ಮತ್ತೆ ಪೈಪೋಟಿ.

ಇನ್ನು ದುಡ್ಡು. ಏಮ್ಸ್‌ನಲ್ಲಿ ಶುರುವಿನ ಮೂಲ ವೇತನ 44,900 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ನರ್ಸಿಂಗ್ ಭತ್ಯೆ ಸೇರಿದರೆ ಮುಕ್ಕಾಲು ಲಕ್ಷ ದಾಟುತ್ತದೆ. ಜರ್ಮನಿಯಲ್ಲಿ ವೃದ್ಧರ ಆರೈಕೆ ಕ್ಷೇತ್ರದ ಅರ್ಹ ನರ್ಸ್‌ಗೆ 2025ರ ಜುಲೈಯಿಂದ ಗಂಟೆಗೆ ಕನಿಷ್ಠ 20.50 ಯೂರೊ ಕೊಡಲೇಬೇಕು. ತಿಂಗಳಿಗೆ 3,400ರ ಆಸುಪಾಸು. ರೂಪಾಯಿಗೆ ತಿರುಗಿಸಿದರೆ ಯಾರಿಗಾದರೂ ತಲೆ ತಿರುಗುತ್ತದೆ. ಆದರೆ ಒಂಟಿಯಾಗಿರುವವರಿಗೆ ಅದರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಅಂತ ಮೊದಲೇ ಕಡಿತವಾಗುತ್ತದೆ. ಉಳಿದದ್ದರಲ್ಲಿ ಬಾಡಿಗೆ, ಚಳಿಗಾಲದ ಹೀಟಿಂಗ್, ಊಟ. ಇನ್ನೊಂದು ಮಾತನ್ನು ಏಜೆನ್ಸಿಯವರು ಸಣ್ಣ ದನಿಯಲ್ಲಿ ಹೇಳುತ್ತಾರೆ: ನಿಮ್ಮ ಪದವಿಗೆ ಅಲ್ಲಿ ಮಾನ್ಯತೆ ಸಿಗುವವರೆಗೆ ನೀವು ಸಹಾಯಕಿ ಮಾತ್ರ, ಸಂಬಳವೂ ಸಹಾಯಕಿಯದ್ದೇ. ಪೂರಕ ತರಬೇತಿಯೋ, ಪರೀಕ್ಷೆಯೋ ಮುಗಿದ ಮೇಲೆ ಪೂರ್ತಿ ನರ್ಸ್. ಅಷ್ಟೆಲ್ಲ ಆದಮೇಲೂ ಜರ್ಮನಿಯಲ್ಲಿ ಜಾಸ್ತಿ ಉಳಿಯುತ್ತದೆ, ಅದು ಸುಳ್ಳಲ್ಲ. ನೀವು ಅಂದುಕೊಂಡಷ್ಟು ಬೇಗ ಅಲ್ಲ, ಅಷ್ಟೆ.

ಅಂದಹಾಗೆ ತಮ್ಮನ ಓದಿನ ಸಾಲ ತಮ್ಮನದೂ ಹೌದು, ಅಲ್ವಾ? ಅವನಿಗೆ ಕೆಲಸ ಸಿಕ್ಕಿದ ಮೇಲೆ ಕಂತು ಕಟ್ಟುವವರು ಯಾರು ಅಂತ ಮನೆಯಲ್ಲಿ ಒಮ್ಮೆ ಕೂತು ಮಾತಾಡಿ. ಅಕ್ಕನ ಹೆಗಲಿಗೆ ಎಲ್ಲ ಹಾಕುವುದು ನಮ್ಮ ಮನೆಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ.

ನನಗೆ ನಿಜವಾಗಿ ಚಿಂತೆಯಾದದ್ದು ಬೇರೆ ವಿಷಯಕ್ಕೆ. ಐಸಿಯು ಬಗ್ಗೆ ಅಷ್ಟು ಪ್ರೀತಿಯಿಂದ ಬರೆದಿದ್ದೀರಿ. ಜರ್ಮನಿಯಲ್ಲಿ ಯಾವ ವಾರ್ಡು, ಯಾವ ಕೆಲಸ ಅಂತ ಒಂದಕ್ಷರವೂ ಬರೆದಿಲ್ಲ. ನೀವು ಆರಿಸಬೇಕಾದದ್ದು ದೇಶವನ್ನಲ್ಲ, ದಿನವೂ ಎದ್ದು ಮಾಡುವ ಕೆಲಸವನ್ನು. ನಮ್ಮ ಕಡೆಯಿಂದ ಹೋಗುವ ಎಷ್ಟೋ ಹುಡುಗಿಯರಿಗೆ ಅಲ್ಲಿ ಸಿಗುವುದು ವೃದ್ಧಾಶ್ರಮದ ಕೆಲಸ. ಅದು ಕೀಳು ಅಂತ ಖಂಡಿತ ಹೇಳುತ್ತಿಲ್ಲ. ಆದರೆ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಊಟ ಮಾಡಿಸುವುದು ಎಲ್ಲ ನರ್ಸ್‌ನದೇ ಕೆಲಸ. ಇಲ್ಲಿ ಮನೆಯವರು ಅಥವಾ ಆಯಾ ಮಾಡುವುದನ್ನು ಅಲ್ಲಿ ನೀವು ಮಾಡುತ್ತೀರಿ. ಆಸ್ಪತ್ರೆಗಳಲ್ಲಿ ಕೂಡ ಅದು ನರ್ಸಿಂಗ್‌ನ ಭಾಗವೇ. ಐವಿ (ಡ್ರಿಪ್ ಸೂಜಿ) ಹಾಕುವಂಥ ಕೆಲಸವನ್ನು ಎಷ್ಟೋ ಕಡೆ ಡಾಕ್ಟರೇ ಮಾಡುತ್ತಾರೆ. ವೆಂಟಿಲೇಟರ್ ಪಕ್ಕದಲ್ಲಿ ನಿಂತು ಅಭ್ಯಾಸವಾದ ಕೈಗೆ ಇದು ಒಗ್ಗುತ್ತದಾ? ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ. ನಿಮಗೆ ಹೇಗೋ ನೀವೇ ಹೇಳಬೇಕು.

ಹಾಗಾಗಿ ನಾಳೆಯೇ ಏಜೆನ್ಸಿಗೆ ಮೇಲ್ ಮಾಡಿ. ಕೆಲಸ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ? ಮಾನ್ಯತೆಯ ತರಬೇತಿಗೆ ದುಡ್ಡು ಕೊಡುವವರು ಯಾರು? ಅರ್ಧಕ್ಕೆ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು? ಒಪ್ಪಂದದ ಜರ್ಮನ್ ಪ್ರತಿಯನ್ನೇ ಕೇಳಿ, ಬಿ2 ಪಾಸಾದವರಿಗೆ ಓದಲು ಬರುತ್ತದೆ. ಅವರು ನಿಮ್ಮಿಂದ ಎಷ್ಟು ಕೇಳಿದ್ದಾರೆ ಅಂತಲೂ ನೀವು ಬರೆದಿಲ್ಲ. ನೋಂದಾಯಿತ ಏಜೆಂಟರು ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಲಕ್ಷಗಟ್ಟಲೆ ಕೇಳಿದ್ದರೆ ಅಲ್ಲಿಗೇ ಮುಗಿಯಿತು, ಆ ಏಜೆನ್ಸಿ ಬಿಟ್ಟುಬಿಡಿ. ಏಜೆನ್ಸಿಯ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ಅಂತಲೂ ನೋಡಿ. ಜರ್ಮನ್ ಸರ್ಕಾರದ ಕಡೆಯಿಂದಲೇ ನಡೆಯುವ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸ್‌ಗಳಿಂದ ನೇಮಕಾತಿಗೆ ಹಣ ತೆಗೆದುಕೊಳ್ಳುವುದಿಲ್ಲ. ಅಂಥ ದಾರಿಗಳೂ ಇರುವಾಗ ಸಾಲ ಮಾಡಿ ಹೋಗುವುದು ಯಾಕೆ?

ಉತ್ತರ ವೃದ್ಧಾಶ್ರಮ ಅಂತ ಬಂದರೆ ನಾಗ್ಪುರಕ್ಕೆ ಹೊರಡಿ. ಒಳ್ಳೆ ಆಸ್ಪತ್ರೆ, ಐಸಿಯು, ತರಬೇತಿಯ ಖರ್ಚು ಅವರದ್ದೇ ಅಂತ ಬಂದರೆ? ಆಗಲೂ ನಾನು ನಾಗ್ಪುರವನ್ನೇ ಹೇಳುತ್ತೇನೆ, ಆದರೆ ಅಷ್ಟು ಜೋರಾಗಿ ಅಲ್ಲ. ಕಾರಣ ವಯಸ್ಸು. ನಾರ್ಸೆಟ್‌ಗೆ ಸಾಮಾನ್ಯ ವರ್ಗದವರಿಗೆ 30 ದಾಟಿರಬಾರದು, ಮೀಸಲಾತಿ ಇದ್ದರೆ ಒಂದಿಷ್ಟು ಸಡಿಲಿಕೆ. ಈಗ ಸೀಟು ಬಿಟ್ಟು ಹೋದರೆ ಮತ್ತೆ ಬರೆಯಲು ನಿಮಗಿರುವುದು ಕೆಲವೇ ವರ್ಷ, ಅದೂ ಅಲ್ಲಿಂದ ಬಂದು ಓದಿ ಬರೆಯಬೇಕು. ಜರ್ಮನಿಗೆ ಹಾಗಿಲ್ಲ. ಅಲ್ಲಿ ನರ್ಸ್‌ಗಳ ಕೊರತೆ ಇವತ್ತಿಗೆ ಮುಗಿಯುವಂಥದ್ದಲ್ಲ, 30 ದಾಟಿದವರಿಗೂ ಕೆಲಸವಿದೆ. ಏಮ್ಸ್ ಐಸಿಯುನಲ್ಲಿ ಎರಡು ಮೂರು ವರ್ಷ ದುಡಿದ ಅನುಭವ ಹಿಡಿದು ಹೋದರೆ ಒಳ್ಳೆ ಆಸ್ಪತ್ರೆಯನ್ನು ನೀವೇ ಆರಿಸಿಕೊಳ್ಳಬಹುದು, ಏಜೆನ್ಸಿ ತೋರಿಸಿದ ಕಡೆ ಹೋಗಬೇಕಾಗಿಲ್ಲ.

ಇದರಲ್ಲಿ ತೊಡಕಿಲ್ಲ ಅಂತಲ್ಲ. ಭಾಷೆ ಬಳಸದಿದ್ದರೆ ಮರೆತುಹೋಗುತ್ತದೆ. ನಾಗ್ಪುರದಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದು ಜರ್ಮನ್ ಪುಸ್ತಕ ತೆಗೆಯುವುದು ಹೇಳಿದಷ್ಟು ಸುಲಭ ಅಲ್ಲ. ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಯಾರ ಜೊತೆಗಾದರೂ ಮಾತಾಡುವ ವ್ಯವಸ್ಥೆ ಮಾಡಿಕೊಳ್ಳಿ, ಇಲ್ಲದಿದ್ದರೆ ಸರ್ಟಿಫಿಕೇಟ್ ಮಾತ್ರ ಉಳಿಯುತ್ತದೆ. ಏಮ್ಸ್‌ನ ಆಫರ್ ಪತ್ರದಲ್ಲಿ ಪ್ರೊಬೇಷನ್, ನೋಟಿಸ್, ಬಾಂಡ್ ಬಗ್ಗೆ ಏನಿದೆ ಅಂತ ಸಹಿಗೆ ಮುಂಚೆ ಓದಿ.

ಜರ್ಮನಿಗೇ ಹೋಗಬೇಕು ಅಂತ ಮನಸ್ಸು ಗಟ್ಟಿಯಾಗಿದ್ದರೆ, ಏಜೆನ್ಸಿಯ ಉತ್ತರವೂ ನೆಟ್ಟಗಿದ್ದರೆ, ನನ್ನ ಮಾತು ಪಕ್ಕಕ್ಕಿಡಿ. ಬಿ2 ಪಾಸು ಮಾಡಿದವರಿಗೆ ಹಟ ಎಷ್ಟಿರುತ್ತದೆ ಅಂತ ನನಗೆ ಗೊತ್ತು. ಯಾವುದನ್ನು ಆರಿಸಿದರೂ ಬೆಂಗಳೂರಿಗೆ ಟ್ರಾನ್ಸ್‌ಫರ್ ಇಲ್ಲ ಅನ್ನುವುದನ್ನು ಅಮ್ಮನಿಗೆ ಈಗಲೇ ಬಿಡಿಸಿ ಹೇಳಿ. ಸ್ವಲ್ಪ ದಿನ ಮುನಿಸಿಕೊಳ್ಳಬಹುದು. ಎರಡು ವರ್ಷ ಕಾದು ಆಮೇಲೆ ಬೇರೆ ಯಾರದೋ ಬಾಯಿಂದ ಕೇಳುವುದಕ್ಕಿಂತ ಅದು ವಾಸಿ.