ಒಂದೇ ಸ್ಪೀಕರ್ ಸಾಲುವುದಿಲ್ಲ

ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನೀವು ಕೇಳಿದ್ದು: ಹಸುಗೂಸುಗಳ ಕಿವಿ ತಪಾಸಣೆಯ ಓಎಇ ಸಾಧನವನ್ನು (ಒಳಕಿವಿ ಹೊರಡಿಸುವ ಕ್ಷೀಣ ಸದ್ದನ್ನು ಹಿಡಿಯುವ ಯಂತ್ರ) ಒಂದೇ ಸ್ಪೀಕರ್, ಒಂದು ಮೈಕ್‌ನಲ್ಲಿ ಮುಗಿಸಬಹುದೇ ಎಂದು. ದಯವಿಟ್ಟು ಆ ಸ್ಪೀಕರಿನಲ್ಲಿ ಮಾತ್ರ ಖರ್ಚು ಉಳಿಸಬೇಡಿ.

ಒಳಕಿವಿ ಚೆನ್ನಾಗಿದ್ದರೆ, ಎರಡು ಸ್ವರ ಕೊಟ್ಟಾಗ ಅದು ಮೂರನೆಯದೊಂದು ಕ್ಷೀಣ ಸ್ವರವನ್ನು ವಾಪಸ್ ಕಳಿಸುತ್ತದೆ. 3279 ಮತ್ತು 4000 ಹರ್ಟ್ಸ್ ಕೊಟ್ಟರೆ ಹುಡುಕಬೇಕಾದದ್ದು 2558. ಎರಡನ್ನೂ ಒಂದೇ ಸ್ಪೀಕರಿನಿಂದ ನುಡಿಸಿದರೆ ಸ್ಪೀಕರೇ ಆ 2558 ಅನ್ನು ಹುಟ್ಟಿಸಿಬಿಡಬಹುದು. ಆಗ ಕಿವಿ ಕೇಳದ ಮಗುವೂ ಪಾಸ್! ನನಗೆ ಅತಿ ಭಯ ಇದರದ್ದೇ. 2022ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸುಮಾರು 10 ಡಾಲರಿನ ಭಾಗಗಳಲ್ಲಿ ಪ್ರೋಬ್ (ಕಿವಿಯೊಳಗೆ ಕೂರಿಸುವ ಭಾಗ) ಮಾಡಿದಾಗಲೂ ಸ್ವರಕ್ಕೊಂದು ಇಯರ್‌ಫೋನ್ ಇಟ್ಟಿದ್ದರು.

ತುದಿ ಕತ್ತರಿಸಿದ ಪುಟ್ಟ ಸಿರಿಂಜಿಗೆ ಪ್ರೋಬನ್ನು ಬಿಗಿಯಾಗಿ ಕೂರಿಸಿ ನೋಡಿ. ಅಲ್ಲೂ 2558 ಕಂಡರೆ ಅದು ನಿಮ್ಮ ಯಂತ್ರದ್ದು, ಕಿವಿಯದ್ದಲ್ಲ.

ಸಕಲೇಶಪುರದ ಮಳೆ ತಗಡಿನ ಮೇಲೆ ಬೀಳುವಾಗಿನ ಸದ್ದು ಗೊತ್ತಲ್ಲ? ಅಂಥ ಗದ್ದಲದಲ್ಲಿ ಸಾಧನ ‘ಫೇಲ್’ ಅನ್ನದೆ ‘ಮತ್ತೆ ಮಾಡಿ’ ಅನ್ನಬೇಕು. ಐಸಿಯುನಲ್ಲಿದ್ದ ಶಿಶುಗಳಿಗೆ ಓಎಇ ಸಾಲದು, ನರದ ತೊಂದರೆ ಅದಕ್ಕೆ ಕಾಣುವುದಿಲ್ಲ, ಎಬಿಆರ್ (ಸದ್ದಿಗೆ ಶ್ರವಣ ನರ ಮತ್ತು ಮಿದುಳುಕಾಂಡ ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ) ಬೇಕು. ಫೇಲಾದ ಮಗುವಿಗೆ 3 ತಿಂಗಳು ತುಂಬುವುದರೊಳಗೆ ಪೂರ್ಣ ಪರೀಕ್ಷೆ ಆಗಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರನ್ನು ಈಗಲೇ ಮಾತಾಡಿಸಿ.