ದೊಡ್ಡ ಬಾಸ್ ಮೀನು ತಪ್ಪೋಯ್ತು ಅಂದ್ಯಲ್ಲ ತಮ್ಮ, ಅದಕ್ಕೆ ಉತ್ರ

ತಮ್ಮ, ನಿನ್ ಮೆಸೇಜ್ ನಿನ್ನೆ ರಾತ್ರಿನೇ ಓದಿದೆ, ಸಮಾಧಾನವಾಗಿ ಕೂತು ಬರೀಬೇಕು ಅಂತ ಇವತ್ತಿಗೆ ಇಟ್ಕೊಂಡೆ. ಅಮೆರಿಕಾದ ಪೆನ್ಸಿಲ್ವೇನಿಯಾದ ಈ ಹ್ಯಾರಿಸ್‌ಬರ್ಗಿಗೆ ಬಂದು ನೀನಿನ್ನೂ ಒಂದು ಚಳಿಗಾಲನೂ ಕಂಡಿಲ್ಲ, ಬಾಡಿಗೆ ಹೇಗೆ, ಹಳೇ ಕಾರ್ ತಗೊಳ್ಲಾ, ಮೀನಿಗೆ ಲೈಸೆನ್ಸ್ ಬೇಕಾ, ಯಾವ ಫ್ಲೈ ರಾಡ್ (ಗರಿ, ಕೂದಲು ಕಟ್ಟಿದ ಹುಸಿ ಹುಳ, ಅಂದ್ರೆ ಫ್ಲೈ, ಎಸೆಯೋ ಗಾಳದ ಕಡ್ಡಿ) ಒಳ್ಳೇದು ಅಂತೆಲ್ಲ ಕೇಳಿ ಕೊನೇಲಿ "ಅಣ್ಣ, ಶನಿವಾರ ದೊಡ್ಡ ಸ್ಮಾಲ್‌ಮೌತ್ ಬಾಸ್ ಸಿಕ್ಕಿ ತಪ್ಪೋಯ್ತು, ಅದರ ಹಿಂದೆ ಎದೆಮಟ್ಟ ನೀರಿಗೆ ಹೋಗ್ಬಿಟ್ಟೆ, ಈಗ್ಲೂ ನಿದ್ದೆ ಬರ್ತಿಲ್ಲ, ಏನ್ ತಪ್ಪಾಯ್ತು" ಅಂತ ಬರ್ದಿದೀಯ.

ಕಾರ್ ತಗೋ, ಇಲ್ಲಿ ಅದಿಲ್ದೆ ನಡಿಯಲ್ಲ. ಬಾಡಿಗೆ ವಿಷ್ಯ ನಿನ್ ವಯಸ್ಸಿನವ್ರನ್ನೇ ಕೇಳು, ನನಗೆ ಈಗಿನ ರೇಟ್ ತಿಳಿಯಲ್ಲ. ಲೈಸೆನ್ಸ್ ಬೇಕೇ ಬೇಕು, 16 ತುಂಬಿದ ಎಲ್ರಿಗೂ, ರಾಜ್ಯದ ಫಿಶ್ ಅಂಡ್ ಬೋಟ್ ಕಮಿಷನ್ ವೆಬ್‌ಸೈಟಲ್ಲೇ ಸಿಗುತ್ತೆ. ನಮ್ ಹೊಳೇಲಿ ಯಾರ್ ಕೇಳ್ತಾರೆ ಅನ್ನೋ ಧೈರ್ಯ ಇಲ್ಲಿಗೆ ತರ್ಬೇಡ, ವೀಸಾ ಮೇಲೆ ಇರೋನು ದಂಡ ಕಟ್ಟೋ ಕೆಲ್ಸ ಮಾಡ್ಕೋಬಾರ್ದು.

ರಾಡ್ ಒಂಬತ್ತಡಿದು, ಏಳು ಇಲ್ಲಾ ಎಂಟು ವೇಟ್ (ಅದು ಎಸೆಯೋ ಲೈನಿನ ಭಾರದ ನಂಬರ್). ಟ್ರೌಟ್ ಮೀನಿಗೆ ಅಂತ ಮಾರೋ ಐದು ವೇಟಲ್ಲಿ ಬಾಸಿನ ದಪ್ಪ ಫ್ಲೈ ಎಸೆಯೋಕೆ ಕಷ್ಟ, ಗಾಳಿ ಇದ್ರಂತೂ ಮುಗೀತು. ಬೇಸಿಗೆ ಸಂಜೆ ನೀರ ಮೇಲೆ ತೇಲೋ ಪಾಪರ್ ಹಾಕು, ಬೇರೆ ಹೊತ್ತಲ್ಲಿ ಕ್ಲೌಸರ್ ಮಿನ್ನೋ, ಮರಿಮೀನಿನ ಹಾಗೆ ಕಾಣೋ ಮುಳುಗೋ ಫ್ಲೈ. ಅದನ್ನ ಕಟ್ಟಿದ್ದು ಇಲ್ಲೇ ಕೆಳಗಡೆ ಮಿಡಲ್‌ಟೌನಿನ ಬಾಬ್ ಕ್ಲೌಸರ್, 1980ರ ದಶಕದಲ್ಲಿ, ನಮ್ ಸಸ್ಕ್ವೆಹಾನಾ ನದಿ ಬಾಸಿಗೆ ಅಂತ್ಲೇ. ಇವತ್ತು ಸಮುದ್ರದ ಮೀನಿಗೂ ಅದನ್ನೇ ಹಾಕ್ತಾರೆ. ನಮ್ ನದಿ ಅಂದೆ ನೋಡು, ಇಷ್ಟು ವರ್ಷ ಆದ್ಮೇಲೆ ಬಾಯಿಗೆ ಹಾಗೇ ಬರುತ್ತೆ.

ಇನ್ನು ನಿನ್ ಮೀನು. ಪಾಪರ್ ಮುಳುಗಿದ ಕೂಡ್ಲೆ ರಾಡ್ ಮೇಲಕ್ಕೆ ಎತ್ತಿ ಹೊಡ್ದೆ ಅಂದ್ಯಲ್ಲ, ಅದು ನಮ್ ಗಾಳದ ಕೈ ಮಾರಾಯ. ಬಿದಿರು ಕಡ್ಡಿ, ಎರೆಹುಳ, ಬೆಂಡು ಒಳಗೆ ಹೋಯ್ತು ಅಂದ್ರೆ ಹೆಗಲ ಮೇಲಿಂದ ಹಿಂದಕ್ಕೆ ಎಳ್ದು ಗದ್ದೆ ಬದುಗೆ ಬಿಸಾಕೋದು. ಇಲ್ಲಿ ರಾಡ್ ತುದಿ ನೀರಿಗೆ ಹತ್ರ ಇಟ್ಟು, ಮೀನಿನ ಕಡೆಗೇ ನೇರ ಹಿಡ್ದು, ಎಡಗೈಲಿ ಲೈನ್ ಒಂದ್ಸಲ ಉದ್ದಕ್ಕೆ ಗಟ್ಟಿಯಾಗಿ ಎಳೀಬೇಕು, ಮೀನಿನ ಭಾರ ಕೈಗೆ ಬಂದ್ಮೇಲೇ ರಾಡ್ ಬಾಗಿಸೋದು. ಮೇಲಕ್ಕೆ ಎತ್ತಿದ್ರೆ ಬಗ್ಗೋ ರಾಡೇ ಆ ಎಳೆತ ಎಲ್ಲ ತಿಂದ್ಬಿಡುತ್ತೆ, ಮುಳ್ಳು ತುಟಿಗೆ ಅರ್ಧ ಚುಚ್ಚಿರುತ್ತೆ, ಮೀನು ನೀರಿಂದ ಹಾರಿ ತಲೆ ಒದರಿದ್ರೆ ಕಳಚ್ಕೊಳ್ಳುತ್ತೆ. ಗಂಟು ಬಿಗಿಯೋ ಮುಂಚೆ ಎಂಜಲು ಹಚ್ಚು. ಮತ್ತೆ ಲೀಡರ್‌ನ, ಅಂದ್ರೆ ಲೈನಿನ ತುದಿಗೆ ಫ್ಲೈ ಕಟ್ಟೋ ಸಣ್ಣ ದಾರಾನ, ಆಗಾಗ ಉಗುರಲ್ಲಿ ಸವರಿ ನೋಡು, ಇಲ್ಲಿ ನದಿಗೆ ಅಡ್ಡಡ್ಡ ಕಲ್ಲಿನ ಸಾಲುಗಳಿವೆ, ಅಂಚಿಗೆ ತಾಗಿ ತರಿ ಬಿದ್ರೆ ಕಣ್ಣಿಗೆ ಕಾಣಲ್ಲ, ಉಗುರಿಗೆ ಗೊತ್ತಾಗುತ್ತೆ.

ಆದ್ರೆ ನಿನ್ ಮೆಸೇಜಲ್ಲಿ ನನ್ ಹೊಟ್ಟೆ ಕಲಸಿದ್ದು ಆ ಎದೆಮಟ್ಟ ನೀರಿನ ಮಾತು. ಈ ನದಿ ಒಂದು ಮೈಲಿ ಹತ್ರ ಅಗಲ, ಮೊಣಕಾಲ್ ಮಟ್ಟ ಅಂತ ನಡ್ಕೊಂಡ್ ಹೋಗ್ತಿದ್ರೆ ಕಲ್ಲಿನ ಸಾಲು ಮುಗಿದಲ್ಲಿ ಒಂದೇ ಹೆಜ್ಜೆಗೆ ಆಳ. ಊರ ಹತ್ರ ಡಾಕ್ ಸ್ಟ್ರೀಟ್ ಡ್ಯಾಮ್ ಇದೆಯಲ್ಲ, ನೋಡೋಕೆ ಒಂದು ಗಿಡ್ಡ ಕಟ್ಟೆ, ಅದರ ಕೆಳಗೆ ನೀರು ಅಲ್ಲೇ ಸುತ್ತಿ ಸುತ್ತಿ ಒಳಗೆ ಎಳ್ಕೊಳ್ಳುತ್ತೆ, ತುಂಬ ಜನ ಪ್ರಾಣ ಕಳ್ಕೊಂಡಿದಾರೆ ಅಲ್ಲಿ. ಅದರ ಮೇಲೂ ಬೇಡ ಕೆಳಗೂ ಬೇಡ. ತುಂಗೆಲಿ ನೀನು ಇಳಿದ್ರೆ ದಡದಲ್ಲಿ ಬಟ್ಟೆ ಒಗೆಯೋರು, ದನ ತೊಳೆಯೋರು, ಯಾರಾದ್ರೂ ಒಬ್ರು "ಏಯ್, ಯಾರ ಮನೆ ಹುಡ್ಗ ನೀನು, ಮುಂದೆ ಹೋಗ್ಬೇಡ" ಅಂತ ಕೂಗ್ತಾರೆ. ಇಲ್ಲಿ ಕೂಗೋರಿಲ್ಲ. ನೀನು ಎಲ್ಲಿಗೆ ಹೋಗಿದೀಯ ಅಂತ ಗೊತ್ತಿರೋರೂ ಇರಲ್ಲ.

ನಾನು ಬಂದ ಹೊಸದ್ರಲ್ಲಿ ಹೀಗೇ ಒಬ್ನೇ ಹೋಗ್ತಿದ್ದೆ. ಆಗಸ್ಟ್ ಸಂಜೆ, ರಾಕ್‌ವಿಲ್ ಸೇತುವೆ ಕೆಳಗೆ, 1902ರದ್ದು, 48 ಕಮಾನಿನ ಕಲ್ಲಿನ ರೈಲ್ವೆ ಸೇತುವೆ. ಆ ಕಾಲಕ್ಕೆ ಕತ್ಲಾಗ್ತಿದ್ದ ಹಾಗೆ ನೀರಿಂದ ಬಿಳಿ ಹುಳ ಏಳುತ್ತೆ, ನಮ್ಮಲ್ಲಿ ಮೊದಲ ಮಳೆಗೆ ಗೆದ್ದಲು ರೆಕ್ಕೆ ಕಟ್ಕೊಂಡು ಏಳುತ್ತಲ್ಲ ಹಾಗೆ, ಮುಖಕ್ಕೆ ಟೋಪಿಗೆ ಎಲ್ಲಾ ಅಂಟ್ಕೊಳ್ಳುತ್ತೆ. ಅವತ್ತು ಪಾಪರ್ ಸುತ್ತ ನೀರು ಉಬ್ಬಿತು, ಸದ್ದೇ ಇಲ್ಲ. ಎಳ್ದಾಗ ಕಲ್ಲಿಗೆ ಸಿಕ್ತು ಅಂದ್ಕೊಂಡೆ, ಆಮೇಲೆ ಕಲ್ಲೇ ನಡೆಯೋಕ್ ಶುರು ಮಾಡ್ತು. ಒಂದೇ ಸಲ ಮೇಲಕ್ಕೆ ಬಂತು, ಕಂದು ಬಣ್ಣದ ಬೆನ್ನು, ಕಮ್ಮಿ ಅಂದ್ರೂ ನನ್ನ ಮೊಣಕೈಯಿಂದ ಬೆರಳ ತುದಿವರೆಗೆ, ಹಾಗೇ ಕಲ್ಲಿನ ಸಾಲಿನ ಆಚೆಗೆ ನುಗ್ತು, ಲೈನ್ ಅಂಚಿಗೆ ಉಜ್ಜಿದ್ದು ರಾಡಿನ ಹಿಡಿವರೆಗೂ ಗರಗರ ಅಂತು. ಮುಗೀತು.

ಮೀನು ಹೋಗಿದ್ದಕ್ಕೆ ಬೇಜಾರಿಲ್ಲ, ಹೇಳ್ಕೊಳ್ಳೋಕೆ ಒಬ್ರೂ ಇರ್ಲಿಲ್ಲ. ಊರಲ್ಲಾಗಿದ್ರೆ ಆ ಮೀನು ಟೀ ಅಂಗಡೀಲಿ ಒಂದು ವಾರ ಬದುಕಿರ್ತಿತ್ತು. ಇಲ್ಲಿ ಆಫೀಸಲ್ಲಿ ಫೋಟೋ ಇದ್ಯಾ ಅಂದ್ರು. ಅಮ್ಮನಿಗೆ ಫೋನ್ ಮಾಡಿದ್ರೆ ಅಲ್ಲಿ ಬೆಳಗಾಗಿತ್ತು, ನೀರಿಗೆ ಯಾಕ್ ಇಳ್ದೆ, ಊಟ ಆಯ್ತಾ ಅಂದ್ಲು. ಈಗ ಅದು ನಿಜವಾಗ್ಲೂ ಅಷ್ಟುದ್ದ ಇತ್ತಾ ಅಂತ ನನಗೇ ಖಾತ್ರಿ ಇಲ್ಲ, ಹೌದಪ್ಪ ನಾನೂ ನೋಡ್ದೆ ಅನ್ನೋರು ಯಾರಿದಾರೆ? ಆ ಕೊರಗು ಇನ್ನೂ ಹೋಗಿಲ್ಲ.

ನಿನ್ ಮೀನು ಸಿಕ್ಕಿದ್ರೂ ಬಿಡಲೇಬೇಕಿತ್ತು, ಗೊತ್ತಿರ್ಲಿ. 2005ರಲ್ಲಿ ಇಲ್ಲಿ ಬಾಸ್ ಮರಿಗಳು ರೋಗ ಬಂದು ರಾಶಿ ರಾಶಿ ಸತ್ವು, 2011ರಲ್ಲಿ ಈ ಭಾಗದಲ್ಲಿ ಹಿಡಿದ ಬಾಸ್ ಕೂಡ್ಲೆ ಬಿಡಬೇಕು ಅಂತ ರೂಲ್ ತಂದ್ರು. ಸಾರಿನ ಆಸೆ ಇಟ್ಕೊಳ್ಬೇಡ.

ಈ ಶನಿವಾರ ಒಬ್ನೇ ಹೋಗ್ಬೇಡ. ನಾಲ್ಕು ಗಂಟೆಗೆ ಫೋರ್ಟ್ ಹಂಟರ್ ಪಾರ್ಕ್ ಹತ್ರ ಬಾ, ಲೈಫ್ ಜಾಕೆಟ್ ನನ್ ಹತ್ರ ಒಂದು ಜಾಸ್ತಿ ಇದೆ, ಪುಳಿಯೋಗರೆ ನಮ್ಮನೆದು, ಫ್ಲಾಸ್ಕಲ್ಲಿ ಕಾಫಿ ನೀನು ತಾ. ನಿನ್ ಮೀನು ಎಲ್ಲಿ ಹತ್ತಿತು, ಎಷ್ಟುದ್ದ ಇತ್ತು, ಯಾವ ಕಡೆ ಹೋಯ್ತು, ಎಲ್ಲ ಮೊದಲಿಂದ ಹೇಳು.