ಅರ್ಧ ಪಾಲಿನವರು ನಿಮ್ಮ ಲೇಖನದಲ್ಲಿ ಎಲ್ಲಿದ್ದಾರೆ?

ಪ್ರಿಯರೇ,

ಮಿನಿಯಾಪೊಲಿಸ್‌ನಿಂದ ನೀವು ಕಳುಹಿಸಿದ, ಅಮೆರಿಕದ ಸೊಮಾಲಿ ವಲಸಿಗರ ಕುರಿತ ‘ಕುಲದ ಕಿಚ್ಚು’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ಎರಡು ಸಾಲಿನ ವಿಷಾದ ಪತ್ರ ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಒಪ್ಪಲಿಲ್ಲ. ಕನ್ನಡದಲ್ಲಿ ಸೊಮಾಲಿಯಾದ ಮಾತು ಕಡಲ್ಗಳ್ಳರು ಮತ್ತು ಬರಗಾಲ ಎಂಬಲ್ಲಿಗೆ ಮುಗಿದುಹೋಗುತ್ತದೆ. ನೀವು ಆ ನೆಲದಿಂದ ಬಂದವರ ನಡುವೆ ಬದುಕುತ್ತಿದ್ದೀರಿ, ಅವರ ವಾದಗಳನ್ನು ವರ್ಷಗಟ್ಟಲೆ ಕೇಳಿಸಿಕೊಂಡಿದ್ದೀರಿ. ಆ ಅವಕಾಶ ನಮ್ಮ ಬರಹಗಾರರಲ್ಲಿ ಹೆಚ್ಚಿನವರಿಗೆ ಇಲ್ಲ. ಅದಕ್ಕಾಗಿಯೇ ಇಷ್ಟು ಉದ್ದದ ಪತ್ರ.

ನಿಮ್ಮ ಒಪ್ಪಿಗೆಯಂತೆ ಈ ಉತ್ತರ ಅಂಕಣದಲ್ಲಿ ಅಚ್ಚಾಗುತ್ತಿರುವುದರಿಂದ ಲೇಖನದ ಸಾರವನ್ನು ಉಳಿದ ಓದುಗರಿಗೂ ಹೇಳಿಬಿಡುತ್ತೇನೆ. ನಿಮ್ಮ ಕಚೇರಿಯಲ್ಲಿ ಇಬ್ಬರು ಸೊಮಾಲಿ ಸಹೋದ್ಯೋಗಿಗಳು. ಒಬ್ಬರ ಮನೆತನ 1991ರಲ್ಲಿ ತನ್ನನ್ನು ಬೇರೆ ದೇಶವೆಂದು ಸಾರಿಕೊಂಡ ಉತ್ತರದ ಸೊಮಾಲಿಲ್ಯಾಂಡಿನ ಹರ್ಗೇಸಾದ್ದು, ಇನ್ನೊಬ್ಬರದು ಈಶಾನ್ಯದ ಪ್ರಾಂತವಾದ ಪುಂಟ್‌ಲ್ಯಾಂಡಿನ ಗರೋವೆಯದು. ಊಟದ ಹೊತ್ತಿಗೆ ಶುರುವಾಗುವ ಮಾತು ಯಾವ ಪ್ರಾಂತಕ್ಕೆ ಎಷ್ಟು ನೆರವು ಹೋಯಿತು, ಬಂದರಿನ ಆದಾಯ ಯಾರಿಗೆ, ರಾಜಧಾನಿ ಮೊಗದಿಶು ಯಾರನ್ನು ವಂಚಿಸುತ್ತಿದೆ ಎಂಬಲ್ಲಿಗೆ ಏರಿ ಜಗಳವಾಗುತ್ತದೆ. ಮೊಬೈಲ್ ಗುಂಪುಗಳಲ್ಲಿ ಅದು ರಾತ್ರಿಯವರೆಗೂ ಮುಂದುವರಿಯುತ್ತದೆ. ಇದನ್ನೆಲ್ಲ ಬಣ್ಣಿಸಿ, ‘ಶತಮಾನಗಳ ಕುಲದ್ವೇಷ ಅಟ್ಲಾಂಟಿಕ್ ದಾಟಿ ಬಂದಿದೆ’ ಎಂದು ನೀವು ತೀರ್ಮಾನಿಸಿದ್ದೀರಿ.

ನನ್ನ ಮುಖ್ಯ ತಕರಾರು ಈ ವಾಕ್ಯದ ಮೇಲೆಯೇ. ಕುಲಗಳು ಹಳೆಯವು, ನಿಜ. ಬಾವಿ, ಹುಲ್ಲುಗಾವಲುಗಳಿಗಾಗಿ ಅವುಗಳ ನಡುವೆ ಕಾದಾಟಗಳೂ ನಡೆದಿವೆ. ಆದರೆ ನಿಮ್ಮ ಸಹೋದ್ಯೋಗಿಗಳು ಜಗಳವಾಡುತ್ತಿರುವುದು ಬಾವಿಗಾಗಿ ಅಲ್ಲ, ರಾಜ್ಯದ ಬೊಕ್ಕಸಕ್ಕಾಗಿ, ಹುದ್ದೆಗಳಿಗಾಗಿ, ಗಡಿಗಳಿಗಾಗಿ. ಆ ಜಗಳಕ್ಕೆ ಹುಟ್ಟಿದ ದಿನಾಂಕಗಳಿವೆ. 1960ರ ಜೂನ್ 26ರಂದು ಬ್ರಿಟಿಷ್ ಆಳ್ವಿಕೆಯಿಂದ ಬಿಡುಗಡೆಯಾದ ಉತ್ತರ ಭಾಗ, ಜುಲೈ 1ರಂದು ಇಟಲಿಯ ಕೈಯಲ್ಲಿದ್ದ ದಕ್ಷಿಣದೊಂದಿಗೆ ಸೇರಿತು. ರಾಜಧಾನಿ ದಕ್ಷಿಣದ ಮೊಗದಿಶುವಾಯಿತು. ಅಧ್ಯಕ್ಷರೂ ಪ್ರಧಾನಿಯೂ ದಕ್ಷಿಣದವರಾದರು. ಮರುವರ್ಷ ಸಂವಿಧಾನದ ಮೇಲೆ ಜನಮತ ಕೇಳಿದಾಗ ಉತ್ತರದಲ್ಲಿ ಮತ ಹಾಕಿದವರ ಪೈಕಿ ಹೆಚ್ಚಿನವರು ಬೇಡವೆಂದರು. ಅದೇ ಡಿಸೆಂಬರಿನಲ್ಲಿ ಉತ್ತರದ ಕಿರಿಯ ಸೇನಾಧಿಕಾರಿಗಳು ಬಂಡೆದ್ದು ಸೋತರು. ಹರ್ಗೇಸಾದವರ ಅಸಮಾಧಾನದ ಬೇರು ಇಲ್ಲಿದೆ. ಇದರ ಒಂದಕ್ಷರವೂ ನಿಮ್ಮ ಲೇಖನದಲ್ಲಿಲ್ಲ.

ಆಮೇಲೆ ಸಿಯಾದ್ ಬರ್ರೆ. 1969ರ ಅಕ್ಟೋಬರಿನಲ್ಲಿ ಅಧಿಕಾರ ಹಿಡಿದ ಈ ಸೇನಾನಿ ಕುಲಪದ್ಧತಿಯನ್ನೇ ಅಳಿಸುವುದಾಗಿ ಸಾರಿದ. ಕುಲದ ಪ್ರತಿಕೃತಿಗಳನ್ನು ಮೆರವಣಿಗೆ ಮಾಡಿ ಸುಟ್ಟರು. ಯಾರನ್ನೂ ಕುಲ ಕೇಳಬಾರದು, ಪರಸ್ಪರ ‘ಜಾಲೆ’, ಅಂದರೆ ಸಂಗಾತಿ, ಎಂದು ಕರೆಯಬೇಕು ಎಂದಾಯಿತು. ಅದೇ ಹೊತ್ತಿಗೆ ತನ್ನ ತಂದೆಯ ಕುಲ, ತಾಯಿಯ ಕುಲ, ಅಳಿಯನ ಕುಲ ಈ ಮೂರನ್ನು ಆತ ಆಳ್ವಿಕೆಯ ಒಳಮನೆಗೆ ಸೇರಿಸಿಕೊಂಡ. 1988ರಲ್ಲಿ ಉತ್ತರದ ಇಸಾಕ್ ಕುಲದವರ ಬಂಡಾಯವನ್ನು ಹತ್ತಿಕ್ಕಲು ಹರ್ಗೇಸಾದ ವಿಮಾನ ನಿಲ್ದಾಣದಿಂದಲೇ ಮೇಲೆದ್ದ ವಿಮಾನಗಳು ಅದೇ ಊರಿನ ಮೇಲೆ ಬಾಂಬು ಸುರಿದವು. ಹತ್ತಾರು ಸಾವಿರ ಜನ ಸತ್ತರು, ಲಕ್ಷಾಂತರ ಮಂದಿ ಇಥಿಯೋಪಿಯಾದ ಶಿಬಿರಗಳಿಗೆ ನಡೆದರು. ನಿಮ್ಮ ಸಹೋದ್ಯೋಗಿಯ ತಂದೆ ತಾಯಿ ದೇಶ ಬಿಟ್ಟದ್ದು 1988ರಲ್ಲಿ ಎಂದು ನೀವೇ ಬರೆದಿದ್ದೀರಿ. ಆ ಇಸವಿಯನ್ನು ಬರೆದು ಹಾಗೆಯೇ ಮುಂದೆ ಹೋಗಿದ್ದೀರಿ! ಅದನ್ನು ಓದಿದಾಗ ನನಗೆ ನಿಜಕ್ಕೂ ನೋವಾಯಿತು. ಮನೆ ಕಳೆದುಕೊಂಡವರ ಕೋಪವನ್ನು ಪುರಾತನ ದ್ವೇಷ ಎಂದು ಕರೆದರೆ, ಬಾಂಬು ಹಾಕಿಸಿದವರ ಹೊಣೆ ಇತಿಹಾಸದ ಮಂಜಿನಲ್ಲಿ ಕರಗಿಹೋಗುತ್ತದೆ.

ಇನ್ನು ಗರೋವೆಯ ಗೆಳೆಯರು ‘ಎಂದಿನಂತೆ ಸಿಡುಕಿದರು’ ಎಂದಿದ್ದೀರಿ. ಏಕೆ ಸಿಡುಕಿದರು ಎಂದು ಕೇಳಿದಿರಾ? ಅದಕ್ಕೆ ಉತ್ತರ ಬೇಕಾದರೆ ಒಂದು ಲೆಕ್ಕವನ್ನು ಓದುಗರ ಮುಂದೆ ಬಿಡಿಸಿಡಬೇಕು. 2000ದಲ್ಲಿ ಜಿಬೂಟಿಯ ಆರ್ತಾ ಪಟ್ಟಣದ ಸಮಾವೇಶದಲ್ಲಿ ಕುಲಗಳ ನಡುವೆ ಅಧಿಕಾರ ಹಂಚುವ ನಾಲ್ಕೂವರೆಯ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿತು. ದಾರೋದ್, ಹವಿಯೆ, ಇಸಾಕರನ್ನೂ ಒಳಗೊಂಡ ದಿರ್, ರಹನ್‌ವೇನ್ ಈ ನಾಲ್ಕು ದೊಡ್ಡ ಕುಲಗಳಿಗೆ ತಲಾ ಒಂದು ಪಾಲು. ಉಳಿದ ಎಲ್ಲರಿಗೂ ಸೇರಿ ಅರ್ಧ ಪಾಲು. ಕೆಳಮನೆಯ 275 ಸ್ಥಾನಗಳಲ್ಲಿ ಒಂದೊಂದು ದೊಡ್ಡ ಕುಲಕ್ಕೆ 61, ಅರ್ಧ ಪಾಲಿನವರಿಗೆ ಒಟ್ಟು 31. ಆ ಸ್ಥಾನಗಳನ್ನು ತುಂಬಿದವರು ಸಾಮಾನ್ಯ ಮತದಾರರಲ್ಲ. 2012ರಲ್ಲಿ 135 ಹಿರಿಯರು ಸಂಸದರನ್ನು ಆರಿಸಿದರು. 2016ರಲ್ಲಿ ಪ್ರತಿ ಸ್ಥಾನಕ್ಕೆ 51 ಪ್ರತಿನಿಧಿಗಳು, ಅಂದರೆ ಇಡೀ ದೇಶಕ್ಕೆ 14,025 ಮಂದಿ ಮತ ಹಾಕಿದರು. 2024ರ ಮಾರ್ಚಿನಲ್ಲಿ ಮೊಗದಿಶುವಿನ ಸಂಸತ್ತು ನೇರ ಚುನಾವಣೆಗಾಗಿ ಸಂವಿಧಾನವನ್ನು ತಿದ್ದಿದಾಗ, ಪುಂಟ್‌ಲ್ಯಾಂಡ್ ಅದನ್ನು ಒಪ್ಪದೆ ಒಕ್ಕೂಟ ಸರ್ಕಾರಕ್ಕೆ ಕೊಟ್ಟಿದ್ದ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ನೇರ ಮತದಾನದ ಹೆಸರಿನಲ್ಲಿ ಅಧ್ಯಕ್ಷರು ಅಧಿಕಾರವನ್ನು ಕೇಂದ್ರಕ್ಕೆ ಎಳೆದುಕೊಳ್ಳುತ್ತಿದ್ದಾರೆ, ರಾಜ್ಯಗಳನ್ನು ಕೇಳದೆ ನಿಯಮ ಬದಲಿಸಿದ್ದಾರೆ ಎಂಬುದು ಆ ಕಡೆಯ ವಾದ. ಅದು ಸರಿಯೋ ತಪ್ಪೋ, ಅದರಲ್ಲೊಂದು ತರ್ಕವಂತೂ ಇದೆ. ವಾದ ಮಾಡುವವರ ಮುಖ ಕೆಂಪಾದದ್ದನ್ನು ತೋರಿಸಿ ಅವರ ತರ್ಕವನ್ನು ಬಿಟ್ಟರೆ ಅವರಿಗೆ ಅನ್ಯಾಯ ಮಾಡಿದಂತೆ.

ಇಷ್ಟು ಸರಿಪಡಿಸಿದರೂ ಲೇಖನ ಅರ್ಧವೇ. ಏಕೆಂದರೆ ನಿಮ್ಮ ಕಥೆಯಲ್ಲಿ ಮಾತನಾಡುವ ಇಬ್ಬರೂ ದೊಡ್ಡ ಕುಲಗಳವರು. ನ್ಯಾಯವಾದ ಪಾಲಿನ ಬಗ್ಗೆ ಗಂಟಲು ಹರಿದುಕೊಳ್ಳುತ್ತಿರುವವರು ಪಾಲು ಪಡೆದವರೇ. ಆ ಊಟದ ಮೇಜಿಗೆ ಬಾರದವರು ಯಾರು? ಜುಬಾ ನದಿಯ ದಂಡೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಬಂಟೂ ಜನರಿದ್ದಾರೆ. 19ನೆಯ ಶತಮಾನದಲ್ಲಿ ಇಂದಿನ ತಾಂಜಾನಿಯಾ, ಮೊಜಾಂಬಿಕ್, ಮಲಾವಿ ಕಡೆಯಿಂದ ಗುಲಾಮರಾಗಿ ತಂದವರ ಸಂತತಿ ಅವರಲ್ಲಿ ಬಹಳ. ಅಂತರ್ಯುದ್ಧದಲ್ಲಿ ಅವರನ್ನು ಕಾಯಲು ಯಾವ ದೊಡ್ಡ ಕುಲದ ಬಂದೂಕೂ ಇರಲಿಲ್ಲ. ಅಮೆರಿಕ ಇವರಲ್ಲಿ ಸುಮಾರು 12,000 ಮಂದಿಗೆ ಆಶ್ರಯ ಕೊಟ್ಟಿತು. ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ ಹಲವು ಕುಟುಂಬಗಳು ನೆಲೆಸಿವೆ. ಕರಾವಳಿಯ ಬೆನಾದಿರಿ ವರ್ತಕರು, ಬಜೂನಿ ಮೀನುಗಾರರೂ ಅರ್ಧ ಪಾಲಿನವರೇ. ರಹನ್‌ವೇನರಿಗೆ ಕಾಗದದಲ್ಲಿ ಪೂರ್ಣ ಪಾಲು ಇದೆ. ಆದರೆ ಅವರಾಡುವ ಮಾಯ್ ನುಡಿ ರೇಡಿಯೋ, ಶಾಲೆ, ಕಚೇರಿಗಳ ಸೊಮಾಲಿಗಿಂತ ಬೇರೆ. ಹೊರದೇಶಗಳಲ್ಲಿ ಅವರ ಬಂಧುಗಳೂ ಉತ್ತರದ ಕುಲಗಳಿಗಿರುವಷ್ಟು ಇಲ್ಲ.

ಇದು ಬರಿಯ ಪ್ರತಿಷ್ಠೆಯ ಮಾತಲ್ಲ, ಪ್ರಾಣದ ಮಾತು. 2011ರ ಜುಲೈ 20ರಂದು ವಿಶ್ವಸಂಸ್ಥೆ ದಕ್ಷಿಣ ಸೊಮಾಲಿಯಾದ ಎರಡು ಪ್ರದೇಶಗಳಲ್ಲಿ ಕ್ಷಾಮ ಘೋಷಿಸಿತು. ಆ ದುರಂತದಲ್ಲಿ ಸುಮಾರು 2.6 ಲಕ್ಷ ಜನ ಸತ್ತರೆಂದೂ, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳೆಂದೂ ಆಮೇಲೆ ಅಂದಾಜಾಯಿತು. ಮಳೆ ಕೈಕೊಟ್ಟಿತ್ತು, ಅಲ್ ಶಬಾಬ್ ಉಗ್ರರ ಪಡೆ ನೆರವಿನ ಸಂಸ್ಥೆಗಳನ್ನು ತಡೆದಿತ್ತು, ಭಯೋತ್ಪಾದನೆ ತಡೆಯ ಕಾನೂನುಗಳಿಗೆ ಹೆದರಿ ದಾನಿ ದೇಶಗಳೂ ಹಿಂಜರಿದಿದ್ದವು. ಆದರೆ ಸತ್ತವರಲ್ಲಿ ಬಹುಪಾಲು ಯಾರು ಎಂದು ನೋಡಿ: ಬೇ, ಬಕೂಲ್, ಕೆಳ ಶಬೆಲ್ಲೆಯ ರಹನ್‌ವೇನ್ ಮತ್ತು ಬಂಟೂ ಬೇಸಾಯಗಾರರು. ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಅಣ್ಣನಿದ್ದವರಿಗೆ ಹವಾಲಾ, ಅಂದರೆ ಹಣ ರವಾನಿಸುವ, ಅಂಗಡಿಯ ಮೂಲಕ ನೂರು ಡಾಲರ್ ಬಂತು, ಹಿಟ್ಟು ಕೊಂಡರು, ಬಸ್ಸು ಹಿಡಿದು ಊರು ಬಿಟ್ಟರು. ಯಾರೂ ಇಲ್ಲದವರು ದನ ಮಾರಿದರು, ಪಾತ್ರೆ ಮಾರಿದರು, ಕೊನೆಗೆ ಮಕ್ಕಳನ್ನು ಎತ್ತಿಕೊಂಡು ಮೊಗದಿಶುವಿನ ಕಡೆಗೋ ಕೆನ್ಯಾದ ದಾದಾಬ್ ಶಿಬಿರದ ಕಡೆಗೋ ನಡೆದರು. ಹೊರದೇಶದ ಸೊಮಾಲಿಗಳು ಊರಿಗೆ ಕಳುಹಿಸುವ ಹಣ ವರ್ಷಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು. ಅದು ಹರಿಯುವುದು ಬಂಧುತ್ವದ ಕಾಲುವೆಗಳಲ್ಲಿ. ಪ್ರಾಂತಗಳ ನಡುವಿನ ನ್ಯಾಯದ ಪ್ರಶ್ನೆಯನ್ನು ನಿಜವಾಗಿ ಕೇಳಬೇಕಾದ ಜಾಗ ಇದು. ನಿಮ್ಮ ಲೇಖನದ ನಡುಬೆನ್ನು ಇದೇ ಆಗಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗೆ ಬರೆಯುವ ಶಕ್ತಿ ನಿಮಗಿದೆ ಎಂಬುದಕ್ಕೆ ಕರಡಿನಲ್ಲೇ ಸಾಕ್ಷಿ ಇದೆ. ಏಳನೆಯ ಪುಟದಲ್ಲಿ ಒಬ್ಬ ಟ್ಯಾಕ್ಸಿ ಚಾಲಕರು ಬರುತ್ತಾರೆ. ರಾತ್ರಿ ಪಾಳಿ ಮುಗಿಸಿ, ಕಣ್ಣು ಉರಿಯುತ್ತಿದ್ದರೂ ಮನೆಗೆ ಹೋಗದೆ, ಹವಾಲಾ ಅಂಗಡಿಯ ಬಾಗಿಲು ತೆಗೆಯುವುದನ್ನೇ ಕಾದು ಕುಳಿತು 200 ಡಾಲರ್ ಕಟ್ಟುತ್ತಾರೆ. ಊರ ಕಡೆ ಅವರ ಕುಲದವನೊಬ್ಬ ಓಡಿಸುತ್ತಿದ್ದ ಲಾರಿ ಹರಿದು ಯಾರೋ ಸತ್ತಿದ್ದಾರೆ. ಲಾರಿಯವನನ್ನು ಇವರು ಕಂಡವರಲ್ಲ, ಸತ್ತವನನ್ನೂ ಕಂಡವರಲ್ಲ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಹೇಳಿ, ‘ವಿಚಿತ್ರ ಸಂಪ್ರದಾಯ’ ಎಂದು ಮುಗಿಸಿದ್ದೀರಿ. ಇಡೀ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ನಾಲ್ಕು ಸಾಲುಗಳೇ. ಇದು ‘ಮಾಗ್’, ರಕ್ತಪರಿಹಾರ. ಹಳೆಯ ಕಟ್ಟಳೆಯಂತೆ ಗಂಡಸಿನ ಪ್ರಾಣಕ್ಕೆ 100 ಒಂಟೆ, ಹೆಂಗಸಿನ ಪ್ರಾಣಕ್ಕೆ 50. ಈಗ ಹೆಚ್ಚಾಗಿ ಹಣ. ಕೊಂದವನೊಬ್ಬನೇ ತೆರುವುದಿಲ್ಲ, ಅವನ ವಂಶದ ಗುಂಪು ತೆರುತ್ತದೆ. 1991ರಲ್ಲಿ ಸರ್ಕಾರವೇ ಕುಸಿದ ಮೇಲೆ ನ್ಯಾಯಾಲಯ, ಪೊಲೀಸು, ವಿಮೆ ಈ ಮೂರರ ಕೆಲಸವನ್ನೂ ಬಹಳ ಕಡೆ ಇದೇ ಮಾಡಿದೆ. ಆ 200 ಡಾಲರ್ ಕಟ್ಟದಿದ್ದರೆ ನಾಳೆ ತನ್ನ ತಮ್ಮನಿಗೆ ಏನಾದರೂ ಆದಾಗ ಯಾರೂ ಬರುವುದಿಲ್ಲ ಎಂಬುದು ಆ ಚಾಲಕರಿಗೆ ಗೊತ್ತಿದೆ. ಇದರ ಇನ್ನೊಂದು ಮಗ್ಗುಲನ್ನೂ ಅವರಲ್ಲೇ ಕೇಳಿ. ಹಣ ಕೂಡಿಸುವ ಮಂದಿಯೂ ಬಂದೂಕೂ ಇಲ್ಲದ ಸಣ್ಣ ಕುಲದವನನ್ನು ಕೊಂದರೆ ಪರಿಹಾರ ಸಿಗುತ್ತದೆಯೇ? ಫೋನ್ ಮಾಡಿ ಹಣ ಕೇಳುವವರು ಯಾರು, ಪಟ್ಟಿ ಇಡುವವರು ಯಾರು, ಕೊಡಲಾಗದವರ ಹೆಸರನ್ನು ಏನು ಮಾಡುತ್ತಾರೆ, ಅಮೆರಿಕದಲ್ಲಿ ಹುಟ್ಟಿ ಬೆಳೆದ ಅವರ ಮಕ್ಕಳು ಇದಕ್ಕೆ ಏನನ್ನುತ್ತಾರೆ? ಆ ನಾಲ್ಕು ಸಾಲು ನಾಲ್ಕು ಪುಟವಾಗಲಿ.

ಕುಲವನ್ನು ನಮ್ಮ ಜಾತಿಗೆ ಹೋಲಿಸಿದ ಭಾಗವನ್ನು ತೆಗೆದುಹಾಕಿ ಎನ್ನಬೇಕೆಂದಿದ್ದೆ; ಯೋಚಿಸಿದ ಮೇಲೆ, ಸ್ಥಳ ಬದಲಿಸಿ ಎನ್ನುತ್ತಿದ್ದೇನೆ. ದಾರೋದ್ ಮತ್ತು ಹವಿಯೆಯ ನಡುವೆ, ಇಸಾಕ್ ಮತ್ತು ದಾರೋದ್ ನಡುವೆ ಹೆಣ್ಣು ಕೊಟ್ಟು ತರುವುದು ಸಾಮಾನ್ಯ. ಕುಲಗಳ ನಡುವಿನ ಜಗಳ ಆರಿಸಲು ಮದುವೆ ಮಾಡುತ್ತಿದ್ದುದೂ ಉಂಟು. ಜಾತಿಯ ಗಂಟು ಇರುವುದೇ ಮದುವೆಯಲ್ಲಿ ಎಂಬುದು ಕನ್ನಡದ ಓದುಗರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಹಾಗಾಗಿ ದೊಡ್ಡ ಕುಲಗಳಿಗೆ ನಿಮ್ಮ ಹೋಲಿಕೆ ಹೊಂದುವುದಿಲ್ಲ. ಆದರೆ ಕಮ್ಮಾರಿಕೆಯ ತುಮಾಲ್, ಚರ್ಮದ ಕೆಲಸ ಮತ್ತು ಬೇಟೆಯ ಮದಿಬಾನ್, ಯಿಬಿರ್ ಈ ಸಮುದಾಯಗಳೊಂದಿಗೆ ಉಳಿದವರು ಮದುವೆಯ ಸಂಬಂಧ ಬೆಳೆಸುವುದಿಲ್ಲ. ಬೆಳೆಸಿದ ಜೋಡಿಗಳು ಮನೆಯಿಂದ ಹೊರಬಿದ್ದಿವೆ, ಬೆದರಿಕೆ ಎದುರಿಸಿವೆ. ನಮ್ಮೂರಿನ ಓದುಗ ಬೆಚ್ಚಿ ಗುರುತಿಸುವುದು ಇದನ್ನು. ಇವರೂ ಆ ಅರ್ಧ ಪಾಲಿನೊಳಗೇ ಇದ್ದಾರೆ.

ಹರ್ಗೇಸಾದ ಗೆಳೆಯರ ಮೇಲೆ ನಿಮಗಿರುವ ಮಮತೆ ಬರಹದಲ್ಲಿ ಕಾಣುತ್ತದೆ. ಸೊಮಾಲಿಲ್ಯಾಂಡಿನ ಸಾಧನೆ ದೊಡ್ಡದೇ. 1993ರಲ್ಲಿ ಬೋರಾಮಾದಲ್ಲಿ ಹಿರಿಯರು ತಿಂಗಳುಗಟ್ಟಲೆ ಕುಳಿತು ಶಾಂತಿ ಕಟ್ಟಿದರು. 2003ರ ಅಧ್ಯಕ್ಷ ಚುನಾವಣೆಯಲ್ಲಿ ಆಯೋಗ ಘೋಷಿಸಿದ ಅಂತರ ಕೇವಲ 80 ಮತ. ಗೆದ್ದವರು ಬಹುಸಂಖ್ಯಾತ ಇಸಾಕ್ ಕುಲದವರಲ್ಲ. ಸೋತವರು ನ್ಯಾಯಾಲಯಕ್ಕೆ ಹೋದರು, ಬಂದೂಕು ಹಿಡಿಯಲಿಲ್ಲ. ಇದನ್ನು ಧಾರಾಳವಾಗಿ ಹೊಗಳಿ. ಆದರೆ 2023ರಲ್ಲಿ, ಸೊಮಾಲಿಲ್ಯಾಂಡಿನ ಹಿಡಿತದಲ್ಲಿದ್ದ ಲಾಸ್ ಅನೋದ್ ಪಟ್ಟಣದಲ್ಲಿ ನಡೆದದ್ದನ್ನು ಬಿಟ್ಟು ಹೊಗಳಬೇಡಿ. ದಾರೋದ್ ಕುಲದ ಕವಲಾದ ಅಲ್ಲಿನ ಧುಲ್ಬಹಾಂತೆ ಜನ ಹರ್ಗೇಸಾದ ಆಳ್ವಿಕೆ ಬೇಡವೆಂದರು; ಸೊಮಾಲಿಲ್ಯಾಂಡಿನ ಸೇನೆಯ ಶೆಲ್ ದಾಳಿಗೆ ಪಟ್ಟಣ ಖಾಲಿಯಾಯಿತು; ಆಗಸ್ಟಿನಲ್ಲಿ ಸೇನೆ ಸೋತು ಹಿಂದೆ ಸರಿಯಿತು. ‘ನಮ್ಮನ್ನು ಕೇಳದೆ ನಮ್ಮನ್ನು ಸೇರಿಸಿಕೊಂಡಿರಿ’ ಎಂಬುದು ಹರ್ಗೇಸಾ ಮೊಗದಿಶುವಿನ ಮುಂದಿಟ್ಟ ದೂರು. ಲಾಸ್ ಅನೋದ್ ಹರ್ಗೇಸಾದ ಮುಂದಿಟ್ಟದ್ದೂ ಅದನ್ನೇ. ನಿಮ್ಮ ಗೆಳೆಯರಿಗೆ ಈ ಪ್ರಶ್ನೆ ಕೇಳಲು ಮುಜುಗರವಾಗಬಹುದು. ಆದರೂ ಕೇಳಿ. ಅವರ ಉತ್ತರ ಏನೇ ಇದ್ದರೂ ಅದಕ್ಕೆ ಲೇಖನದಲ್ಲಿ ಜಾಗವಿದೆ.

ಹೆಂಗಸರು ಎಲ್ಲೂ ಮಾತನಾಡುವುದಿಲ್ಲ ಎಂಬುದನ್ನೂ ಗಮನಿಸಿ. ಆರ್ತಾದಲ್ಲಿ ಗಂಡಸರು ಕುಲವಾರು ಕುಳಿತಾಗ ಹೋರಾಟಗಾರ್ತಿ ಆಶಾ ಹಾಜಿ ಎಲ್ಮಿ ಮತ್ತು ಸಂಗಾತಿಗಳು, ನಾಲ್ಕು ಕುಲ ಮತ್ತು ಅರ್ಧ ಪಾಲಿನವರು ಸೇರಿ ಐದಾದರೆ ನಾವು ಆರನೆಯ ಕುಲ ಎಂದು ಜಾಗ ಕೇಳಿ ಪಡೆದರು. ಹುಟ್ಟಿದ ಕುಲ ಒಂದು, ಸೇರಿದ ಕುಲ ಇನ್ನೊಂದು ಆಗಿರುವ ಹೆಣ್ಣನ್ನು ತಮ್ಮ ಪಾಲಿನ ಸ್ಥಾನಕ್ಕೆ ಕಳುಹಿಸಲು ಹಿರಿಯರು ಇಂದಿಗೂ ಅನುಮಾನಿಸುತ್ತಾರೆ. ಸಂಸತ್ತಿನಲ್ಲಿ ಶೇಕಡಾ 30ರ ಭರವಸೆ ಈಡೇರಿಲ್ಲ.

ಹೊರದೇಶದವರ ಮಾತು ‘ನಿರುಪಯುಕ್ತ ಹರಟೆ’ ಎಂಬ ವಾಕ್ಯವನ್ನು ಹೊಡೆದುಹಾಕಿ. ಬರ್ರೆಯನ್ನು ಉರುಳಿಸಿದ ಪಡೆಗಳಲ್ಲೊಂದಾದ ಸೊಮಾಲಿ ರಾಷ್ಟ್ರೀಯ ಆಂದೋಲನ 1981ರಲ್ಲಿ ತನ್ನ ಹುಟ್ಟನ್ನು ಸಾರಿದ್ದು ಲಂಡನ್ನಿನಲ್ಲಿ. 2017ರಿಂದ 2022ರವರೆಗೆ ಸೊಮಾಲಿಯಾದ ಅಧ್ಯಕ್ಷರಾಗಿದ್ದ ಫರ್ಮಾಜೊ ಅದಕ್ಕೂ ಮುಂಚೆ ನ್ಯೂಯಾರ್ಕ್ ರಾಜ್ಯದ ಬಫೆಲೊದಲ್ಲಿ ಸಾರಿಗೆ ಇಲಾಖೆಯ ನೌಕರರಾಗಿದ್ದರು. ಅವರು ಮಿನಿಯಾಪೊಲಿಸ್‌ನವರೆಂದು ನೀವು ಬರೆದಿರುವುದು ತಪ್ಪು, ತಿದ್ದಿಕೊಳ್ಳಿ.

ಹೊಸ ಕರಡು ಮೂರು ಸಾವಿರ ಪದಗಳವರೆಗೆ ಇರಬಹುದು, ಎರಡು ತಿಂಗಳು ಸಮಯ ತೆಗೆದುಕೊಳ್ಳಿ. ಕಳುಹಿಸುವ ಮೊದಲು ಟ್ಯಾಕ್ಸಿ ಚಾಲಕರಿಗೆ ಅವರ ಭಾಗವನ್ನು ಇಂಗ್ಲಿಷಿನಲ್ಲಿ ಹೇಳಿ ಒಪ್ಪಿಗೆ ಪಡೆಯಿರಿ. ಈಗಿನ ಕರಡಿನಲ್ಲಿ ಅವರ ಉಪಕುಲದ ಹೆಸರು, ಅಪಘಾತ ನಡೆದ ಊರು ಎರಡೂ ಇವೆ. ಅಷ್ಟು ಸಣ್ಣ ಸಮುದಾಯದಲ್ಲಿ ಅವೆರಡು ಸಿಕ್ಕರೆ ವ್ಯಕ್ತಿ ಯಾರೆಂದು ತಿಳಿದುಹೋಗುತ್ತದೆ. ಪರಿಹಾರದ ಮಾತುಕತೆ ಇನ್ನೂ ನಡೆಯುತ್ತಿದ್ದರೆ ಅವರ ಕಡೆಯವರಿಗೆ ತೊಂದರೆಯೂ ಆಗಬಹುದು. ಅವೆರಡನ್ನೂ ತೆಗೆದು ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ